ಟ್ರ್ಯಾಕ್ಟರ್ ಮಿಸ್ತ್ರಿ ಸಿಕ್ಕರೆ ಹೆರಾಲ್ಡ್ ತಗೋ

ಕಲಬುರಗಿ

ದೋಸ್ತ,

ನೀನು ಕಳಿಸಿದ ಫೋಟೋ ಎಲ್ಲಾ ನೋಡಿದೆ. ಬೀದರಿನ ಹಳೇ ಊರಿನಲ್ಲಿ, ಡಾಕ್ಟರ್ ಮನೆಯ ಹಿತ್ತಲ ಶೆಡ್ಡಿನಲ್ಲಿ, ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು! ಅದೂ ಕೆಂಪು. ನಿನಗೆ ನಿದ್ದೆ ಬರುತ್ತಿಲ್ಲ ಅಂದರೆ ನಂಬುತ್ತೇನೆ. ಆದರೆ ಅಷ್ಟು ಫೋಟೋಗಳಲ್ಲಿ ಗಾಡಿಯ ಕೆಳಗೆ ಬಗ್ಗಿ ತೆಗೆದದ್ದು ಒಂದೂ ಇಲ್ಲವಲ್ಲೋ. ಬಂಪರು, ಸ್ಟೀರಿಂಗು, ಹೆಡ್‌ಲೈಟು, ಮತ್ತೆ ಬಂಪರು.

ತಗೊಳ್ಳಲಾ ಬೇಡವಾ ಅಂತ ಕೇಳಿದ್ದೀಯಾ. ಕಾಗದ ಸರಿ ಇದ್ದು, ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಗಟ್ಟಿ ಇದ್ದರೆ ತಗೋ. ಆದರೆ ಅದಕ್ಕೂ ಮೊದಲು ಬೀದರಿನಲ್ಲಿ ಒಬ್ಬ ಹಳೇ ಟ್ರ್ಯಾಕ್ಟರ್ ಮಿಸ್ತ್ರಿಯನ್ನು ಹುಡುಕು. ನಗಬೇಡ, ತಮಾಷೆ ಮಾಡುತ್ತಿಲ್ಲ. ಯಾಕೆ ಅಂತ ಬರೆಯುತ್ತೇನೆ. ಉದ್ದ ಆಗುತ್ತದೆ, ಚಹಾ ತಗೊಂಡು ಕೂತು ಓದು.

ಮೊದಲು ನಿನ್ನ ಭಾವನ ಮಾತು. 'ಇದ್ಯಾವ ಸ್ಪೋರ್ಟ್ಸ್ ಕಾರು, ಇದು ಹಳೇ ಸಾಹುಕಾರರ ಗಾಡಿ' ಅಂದನಂತೆ. ಅವನು ಹೇಳಿದ್ದು ಅರ್ಧ ಸರಿ. ಅದರ ಎಂಜಿನ್ ಬರೀ 948 ಸಿಸಿ. ಶಕ್ತಿ 35 ಎಚ್‌ಪಿ ಆಸುಪಾಸು. ಇವತ್ತಿನ ಅತಿ ಚಿಕ್ಕ ಮಾರುತಿಯೂ ಹುಮನಾಬಾದ್ ರಸ್ತೆಯಲ್ಲಿ ಅದನ್ನು ಹಿಂದೆ ಹಾಕುತ್ತದೆ. ಆದರೆ ಅದರ ಮನೆತನ ನೋಡು. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಬಂತು. ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮೂರು ವರ್ಷದ ಮೇಲೆ, 1962ರಲ್ಲಿ, ಅದೇ ಕಂಪನಿ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿಯ ಕೈಯಿಂದ ಮೇಲಿನ ಮೈ ಮಾಡಿಸಿ, ಸ್ಪಿಟ್‌ಫೈರ್ ಅನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದಿತು. ಆ ಸ್ಪಿಟ್‌ಫೈರ್ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ, ಸಿಕ್ಕರೂ ಕೈಗೆ ಎಟುಕುವುದಿಲ್ಲ. ಅದರ ದೊಡ್ಡಪ್ಪನ ಮಗ ಬೀದರಿನ ಶೆಡ್ಡಿನಲ್ಲಿ ನಿಂತಿದ್ದಾನೆ ಅಂತ ಭಾವನಿಗೆ ಹೇಳು. ಮುಂದಿನ ಸಸ್ಪೆನ್ಶನ್, ಸ್ಟೀರಿಂಗ್, ಹಿಂದಿನ ಅಚ್ಚು, ಎಂಜಿನ್ನಿನ ಜಾತಿ ಎಲ್ಲಾ ಒಂದೇ ಕುಟುಂಬದ್ದು. ಅದಕ್ಕೇ ಸ್ಪಿಟ್‌ಫೈರಿಗೆ ಅಂತ ಇಂಗ್ಲೆಂಡಿನಲ್ಲಿ ಇವತ್ತಿಗೂ ಮಾರುವ ಎಷ್ಟೋ ಸಾಮಾನು ನಮಗೂ ಕೂರುತ್ತದೆ.

ನನ್ನ ಹೆರಾಲ್ಡ್ ಓಡಿಸುವಾಗ ಇದು ಗೊತ್ತಾಗುತ್ತದೆ. ಸೀಟು ನೆಲಕ್ಕೆ ಹತ್ತಿರ. ಸ್ಟೀರಿಂಗ್ ತೆಳ್ಳಗೆ, ಹಗುರ. ತಿರುಗಲು 25 ಅಡಿ ಜಾಗ ಸಾಕು. ನಮ್ಮ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ದೊಡ್ಡ ಗಾಡಿಯವರು ಹಿಂದೆ ಮುಂದೆ ಮಾಡುತ್ತಾ ಬೈಸಿಕೊಳ್ಳುವ ಕಡೆ ನಾನು ಒಂದೇ ಸಲಕ್ಕೆ ತಿರುಗಿಸಿಕೊಂಡು ಬರುತ್ತೇನೆ. ಆಟೋದವರು ನೋಡಿ ನಗುತ್ತಾರೆ. ಅರವತ್ತರ ವೇಗದಲ್ಲೇ ನೂರರಲ್ಲಿ ಹೋದ ಹಾಗೆ ಅನಿಸುತ್ತದೆ, ಅದೇ ಮಜಾ.

ಈಗ ಚಾಸಿಗೆ ಬರೋಣ. ಆ ಕಾಲಕ್ಕೆ ಹೆಚ್ಚಿನ ಕಾರುಗಳು ಮೈ, ಎಲುಬು ಎರಡೂ ಒಂದೇ ಆಗಿ ಬರತೊಡಗಿದ್ದವು. ಹೆರಾಲ್ಡ್ ಮಾತ್ರ ಲಾರಿ ಥರ ಬೇರೆ ಚಾಸಿಯ ಮೇಲೆ ಕೂತಿತು. ಅದಕ್ಕೊಂದು ಕಾರಣ ಇತ್ತು. ಸ್ಟ್ಯಾಂಡರ್ಡ್ ಟ್ರಯಂಫ್‌ನವರಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಇಡೀ ಮೈಯನ್ನು ಒಟ್ಟಿಗೆ ಮಾಡಿಕೊಡುವವರು ಸಿಗಲಿಲ್ಲ. ಹಾಗಾಗಿ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಚಾಸಿಯ ಮೇಲೆ ಬೋಲ್ಟು ಹಾಕಿ ಕೂಡಿಸಿದರು. ಅವರ ಆ ಕಷ್ಟ ಇವತ್ತು ನಮಗೆ ಲಾಭ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು 1961ರಿಂದ ಅದೇ ಗಾಡಿಯನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಇಲ್ಲೇ ತಯಾರಿಸಿದರು. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್: ಆಗ ಕಾರು ಅಂದರೆ ಈ ಮೂರೇ ತಾನೇ. ಆ ಗಾಡಿಗಳಲ್ಲಿ ಇವತ್ತಿಗೂ ಒಂದಿಷ್ಟು ಉಳಿದಿವೆ ಅಂದರೆ ಅದಕ್ಕೆ ಬೋಲ್ಟು ಬಿಚ್ಚಿದರೆ ತುಂಡು ಕಳಚಿ ಬರುವ ಈ ಮೈಯೇ ಮುಖ್ಯ ಕಾರಣ ಅಂತ ನನ್ನ ಲೆಕ್ಕ.

ಆದರೆ ಕೆಳಗಿನ ಚಾಸಿ ಹೋದರೆ ಎಲ್ಲಾ ಹೋಯಿತು. ನಡುವಿನ ಎರಡು ಉದ್ದ ಪಟ್ಟಿಗಳಿಂದ ಎರಡೂ ಪಕ್ಕಕ್ಕೆ ಕೈ ಚಾಚಿದ ಹಾಗೆ ಅಡ್ಡ ತುಂಡುಗಳು ಬಂದಿರುತ್ತವೆ. ಬಾಡಿ ಅವುಗಳ ಮೇಲೆ ಕೂತಿರುತ್ತದೆ. ನೀರು, ಕೆಸರು ನಿಲ್ಲುವುದೇ ಅಲ್ಲಿ. ತುಕ್ಕು ಮೊದಲು ತಿನ್ನುವುದೂ ಅವನ್ನೇ. ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಮಲಗಿ ಅಲ್ಲೆಲ್ಲ ಒತ್ತಿ ನೋಡಬೇಕು. ಟಣ್ ಅಂದರೆ ಖುಷಿ ಪಡು. ಒಳಗೆ ಇಳಿದರೆ ಎದ್ದು ಬಾ. ಹಿಂದೆ ಡಿಫರೆನ್ಷಿಯಲ್ (ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ) ಕೂತ ಜಾಗ, ಡಿಕ್ಕಿಯ ನೆಲ, ಸ್ಪೇರ್ ಗಾಲಿ ಇಡುವ ಗುಂಡಿ, ಅಲ್ಲೂ ನೋಡಬೇಕು. ಮೇಲಿನ ಮೈಗೆ ಒಂದು ಅಯಸ್ಕಾಂತ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗೆ, ಗಾಲಿಯ ಕಮಾನಿನ ಸುತ್ತ ಆಡಿಸು. ಅಂಟದ ಕಡೆ ತಗಡಿಲ್ಲ, ಬರೀ ಪುಟ್ಟಿ ಇದೆ. ನಿನ್ನ ಫೋಟೋದಲ್ಲಿ ಎಡಗಡೆ ಬಾಗಿಲಿನ ಕೆಳಗೆ ಬಣ್ಣ ಕಾದ ಹಂಚಿನ ಮೇಲಿನ ರೊಟ್ಟಿ ಥರ ಉಬ್ಬಿದೆ. ಅಲ್ಲಿ ಖಂಡಿತ ಏನೋ ಇದೆ.

ಒಂದು ಸಮಾಧಾನ ಏನು ಅಂದರೆ ಆ ಗಾಡಿ ಬೀದರಿನಲ್ಲೇ ಇತ್ತು. ಸಮುದ್ರದ ಗಾಳಿ ಕುಡಿದ ಮುಂಬೈ, ಚೆನ್ನೈ ಗಾಡಿಗಳಿಗೆ ಹೋಲಿಸಿದರೆ ನಮ್ಮ ಒಣ ಸೀಮೆಯ ಗಾಡಿಯ ತಗಡು ಜಾಸ್ತಿ ಬಾಳುತ್ತದೆ. ಬಣ್ಣ, ಸೀಟು, ರಬ್ಬರು ಬಿಸಿಲಿಗೆ ಹೋಗಿರುತ್ತವೆ, ಹೋಗಲಿ. ಅವನ್ನು ಹೊಸದಾಗಿ ಮಾಡಿಸಬಹುದು. ಹೊಳೆಯುವ ಎಂಜಿನ್ ತೋರಿಸಿ, 'ಸಾಬ್, ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್' ಅಂತ ಬ್ರೋಕರ್ ಹೇಳಿದರೂ ಮನಸ್ಸು ಕರಗಬಾರದು. ಎಂಜಿನ್ ಕಟ್ಟುವುದು ನಮ್ಮ ಕಡೆ ಬರುವ ಕೆಲಸ. ಕೊಳೆತ ಚಾಸಿಯನ್ನು ನೇರವಾಗಿ ಅಳತೆಗೆ ಕೂರಿಸುವವರು ಎಲ್ಲಿದ್ದಾರೆ ಹೇಳು?

ಈಗ ಟ್ರ್ಯಾಕ್ಟರ್ ಮಾತು.

ನಾನು ಗಾಡಿ ತಂದ ಹೊಸತರಲ್ಲಿ ಕಾರಿನ ಗ್ಯಾರೇಜುಗಳಲ್ಲಿ ಯಾರೂ ಕೈ ಹಾಕಲು ಒಪ್ಪಲಿಲ್ಲ. ಹುಡುಗರು ಮೊದಲು ಲ್ಯಾಪ್‌ಟಾಪ್ ಜೋಡಿಸುವ ಸಾಕೆಟ್ ಹುಡುಕಿದರು. ಆಮೇಲೆ ಒಬ್ಬ 14 ನಂಬರ್ ಪಾನಾ ತಂದ, ಬೋಲ್ಟಿಗೆ ಹೋಗಲಿಲ್ಲ. 15 ತಂದ, ಜಾರಿತು. ನಾನು ಅಲ್ಲಿಂದ ಗಾಡಿ ಎಳೆಸಿಕೊಂಡು ಬಂದೆ. ಆ ಬೋಲ್ಟು ಮಿಲಿಮೀಟರ್ ಲೆಕ್ಕದ್ದೇ ಅಲ್ಲ, ಇಂಚಿನ ಲೆಕ್ಕದ್ದು: 9/16 ಇಂಚು. ಇಡೀ ಗಾಡಿ ಹಾಗೇ ಇದೆ, 7/16, 1/2, 9/16. ಮಿಲಿಮೀಟರ್ ಪಾನಾ ಹಾಕಿ ಒತ್ತಿದರೆ ಬೋಲ್ಟಿನ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಚಿಸೆಲ್, ವೆಲ್ಡಿಂಗ್, ದೊಡ್ಡ ಕಥೆ.

ಕಪನೂರ ಕಡೆ ಒಬ್ಬರು ಚಾಚಾ ಇದ್ದಾರೆ. ಜನ್ಮವೆಲ್ಲಾ ಟ್ರ್ಯಾಕ್ಟರ್ ಕೆಲಸ. ಅವರ ಹತ್ತಿರ ಹೋಗಿ ಬಾನೆಟ್ ಎತ್ತಿದೆ. ಹೆರಾಲ್ಡಿನ ಬಾನೆಟ್ ಗೊತ್ತಲ್ಲ? ಎರಡೂ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಖವೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚಾಚಾ ಏನೂ ಮಾತಾಡದೆ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತರು. ಎಂಜಿನ್ ಸುತ್ತ ಕೈ ಆಡಿಸಿದರು. ಆಮೇಲೆ ಪೆಟ್ಟಿಗೆಯ ತಳದಿಂದ ಇಂಚಿನ ಪಾನಾಗಳ ಗಂಟು ತೆಗೆದರು. 'ಮ್ಯಾಸಿದ್ದು' ಅಂದರು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ, ಆಮೇಲೆ ಓದಿದಾಗ ಗೊತ್ತಾಯಿತು. ಇಂಗ್ಲೆಂಡಿನ ಅದೇ ಸ್ಟ್ಯಾಂಡರ್ಡ್ ಕಂಪನಿ ಕೊವೆಂಟ್ರಿಯಲ್ಲಿ 1946ರಿಂದ ಫರ್ಗುಸನ್ ಟ್ರ್ಯಾಕ್ಟರುಗಳನ್ನು ತಯಾರಿಸಿಕೊಡುತ್ತಿತ್ತು. ಮುಂದೆ ಆ ಮನೆತನದ ಮ್ಯಾಸಿ ಫರ್ಗುಸನ್ ನಮ್ಮ ತೊಗರಿ ಹೊಲಗಳಿಗೆ ಬಂತು. ಆ ಹಳೇ ಟ್ರ್ಯಾಕ್ಟರುಗಳೂ ಇಂಚಿನ ಬೋಲ್ಟಿನವೇ. ಅದನ್ನು ಬಿಚ್ಚಿ ಕಟ್ಟಿದ ಕೈಗೆ ಹೆರಾಲ್ಡ್ ಹೊಸತಲ್ಲ. ಇನ್ನೊಂದು ಗುಣ ನೋಡು. ಟ್ರ್ಯಾಕ್ಟರ್ ಮಿಸ್ತ್ರಿ ಸಾಮಾನು ಇಲ್ಲ ಅಂತ ಕೈ ಚೆಲ್ಲುವುದಿಲ್ಲ. ಬಿತ್ತನೆ ದಿನ ರೈತ ತಲೆಯ ಮೇಲೆ ನಿಂತಿರುತ್ತಾನೆ. ಹಾಗಾಗಿ ಬುಶ್ ಸವೆದರೆ ಲೇಥ್ ಅಂಗಡಿಗೆ ಓಡಿ ಮಾಡಿಸಿಕೊಂಡು ಬಂದು ಸಂಜೆಯೊಳಗೆ ಕೂರಿಸುತ್ತಾನೆ. ನಮ್ಮಂಥ ಗಾಡಿಗೆ ಬೇಕಾದದ್ದು ಆ ಗುಣ. ಟ್ರ್ಯಾಕ್ಟರ್ ಡೀಸೆಲ್, ಇದು ಪೆಟ್ರೋಲ್. ಹಾಗಾಗಿ ಕಾರ್ಬೊರೇಟರ್ ಮತ್ತು ಪಾಯಿಂಟ್ (ಪ್ಲಗ್ಗಿಗೆ ಕಿಡಿ ಹೊಡೆಸುವ ಚಿಕ್ಕ ಸ್ವಿಚ್ಚು) ಕೆಲಸಕ್ಕೆ ಹಳೇ ಫಿಯಟ್, ಅಂಬಾಸಿಡರ್ ನೋಡಿದ ಇನ್ನೊಬ್ಬರು ಬೇಕು. ಆದರೆ ಪಾಯಿಂಟ್ ನೀನೇ ಕಲಿ. ಸಂದು ಅಳೆಯುವ ಫೀಲರ್ ಗೇಜಿನಲ್ಲಿ 15 ತೌ ಗ್ಯಾಪು (ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ವಾಲ್ವ್ ಒತ್ತುವ ಟ್ಯಾಪೆಟಿಗೆ ಎಂಜಿನ್ ತಣ್ಣಗಿದ್ದಾಗ 10 ತೌ. ಭಾನುವಾರ ಬೆಳಿಗ್ಗೆ ಮಾಡಿಕೊಳ್ಳುವ ಕೆಲಸ ಅದು. ಟೈರಿನ ಮೇಲೆ ಕೂತು ಮಾಡಬಹುದು ಅನ್ನೋದು ಹೆರಾಲ್ಡಿನ ದೊಡ್ಡ ಪುಣ್ಯ.

ಇನ್ನು ಒಂದು ಭಾಗದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅದು ಕೈಕೊಟ್ಟರೆ ಜೀವಕ್ಕೇ ಕುತ್ತು. ಹೆಸರು ಟ್ರನಿಯನ್. ಮುಂದಿನ ಗಾಲಿ ಹಿಡಿದಿರುವ ನಿಲುವು ಕಂಬ ಇದೆಯಲ್ಲ, ಅದರ ಕೆಳತುದಿಯಲ್ಲಿ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಹಾಕಿರುತ್ತಾರೆ. ಅದು ಒಂದು ಕಂಚಿನ ಗಟ್ಟಿಯೊಳಗೆ ಸ್ಕ್ರೂ ಥರ ಕೂತಿರುತ್ತದೆ. ನೀನು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯ ಮೇಲೇ ಗಾಲಿ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್. ಗ್ರೀಸ್ ಹಾಕಿದರೆ ಮರೆಯ ಒಳಗಿನ ತನಕ ಇಳಿಯುವುದಿಲ್ಲ. ಮೇಲೆಯೇ ಗಟ್ಟಿಯಾಗಿ ಕೂರುತ್ತದೆ. ಒಳಗೆ ನೀರು ಸೇರುತ್ತದೆ, ಕಂಬ ತುಕ್ಕು ಹಿಡಿಯುತ್ತದೆ. ಕೊನೆಗೊಂದು ದಿನ ಮರೆ ಇರುವ ಕಡೆ ಕಂಬ ಮುರಿದು ಗಾಲಿ ಮಡಚಿಕೊಂಡು ಬೀಳುತ್ತದೆ. ಅಲ್ಲಿ ಕಾಣುವ ತೂತು ಗ್ರೀಸ್ ನಿಪ್ಪಲ್ ಥರವೇ ಇರುವುದರಿಂದ ಸರ್ವಿಸ್ ಮಾಡುವ ಹುಡುಗರು ಅಭ್ಯಾಸಬಲದಿಂದ ಗ್ರೀಸ್ ತುಂಬಿಬಿಡುತ್ತಾರೆ.

ನನ್ನ ಗಾಡಿಯಲ್ಲೂ ಹಿಂದಿನವರ ಕಾಲದಲ್ಲಿ ವರ್ಷಗಟ್ಟಲೆ ಗ್ರೀಸೇ ಬಿದ್ದಿತ್ತು. ಚಾಚಾ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ತೋರಿಸಿದರು. ಬಲಗಡೆ ಕಂಬದ ಮರೆಯಲ್ಲಿ ಉಗುರಿಗೆ ಸಿಗುವಷ್ಟು ತುಕ್ಕಿನ ಗುಂಡಿಗಳು. ಅದನ್ನು ತೂಕಕ್ಕೆ ಹಾಕಿ ಹೊಸ ಜೋಡಿ ಇಂಗ್ಲೆಂಡಿನಿಂದ ತರಿಸಿದೆ. ಕೊರಿಯರ್, ಕಸ್ಟಮ್ಸ್ ಸೇರಿದ ಮೇಲೆ ಸಾಮಾನಿನ ಬೆಲೆ ಎಲ್ಲಿಗೋ ಹೋಯಿತು. ಆದರೂ ಇದೊಂದರಲ್ಲಿ ಲೇಥ್ ಅಂಗಡಿಯ ಜುಗಾಡ್ ಬೇಡ ಅಂತ ಚಾಚಾನೇ ಹೇಳಿದರು. ಅವರೇ ಬೇಡ ಅಂದ ಮೇಲೆ ಮಾತೇ ಇಲ್ಲ. ಈಗ ಒಂದು ಗ್ರೀಸ್ ಗನ್ ಬೇರೆ ಇಟ್ಟಿದ್ದೇನೆ, ಅದರಲ್ಲಿ ಗೇರ್ ಆಯಿಲ್ ಮಾತ್ರ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಎಣ್ಣೆ ಹೊರಗೆ ಇಣುಕುವ ತನಕ ಒತ್ತುತ್ತೇನೆ. ನಮ್ಮ ಅಂಗಳದ ಶಹಾಬಾದಿ ಕಲ್ಲಿನ ಮೇಲೆ ಕಲೆ ಬಿದ್ದು ಅವ್ವನ ಬೈಗುಳ ಇದ್ದದ್ದೇ. ವೈನಿಗೆ ಈಗಲೇ ಹೇಳಿಟ್ಟಿರು, ಹಳೇ ಇಂಗ್ಲಿಷ್ ಗಾಡಿ ಅಂದ ಮೇಲೆ ಎಣ್ಣೆ ಒಂದಿಷ್ಟು ಸೋರಿಯೇ ಸೋರುತ್ತದೆ.

ಎಂಜಿನ್ನಿಗೆ ಒಂದೇ ಒಂದು ಪರೀಕ್ಷೆ ಹೇಳಿಕೊಡುತ್ತೇನೆ, ಇದನ್ನು ಮರೆಯಬೇಡ. ಗಾಡಿ ಬಂದ್ ಇರಲಿ. ಒಬ್ಬರನ್ನು ಒಳಗೆ ಕೂರಿಸಿ ಕ್ಲಚ್ ಒತ್ತಿ ಬಿಡಲು ಹೇಳು. ನೀನು ಮುಂದೆ ನಿಂತು ಫ್ಯಾನ್ ಬೆಲ್ಟಿನ ಕೆಳಗಿನ ಪುಲ್ಲಿ ನೋಡು. ಕ್ಲಚ್ ಒತ್ತಿದಾಗ ಪುಲ್ಲಿ ಮುಂದಕ್ಕೆ, ಬಿಟ್ಟಾಗ ಹಿಂದಕ್ಕೆ ಕಣ್ಣಿಗೆ ಕಾಣುವಷ್ಟು ಸರಿದರೆ ಒಳಗೆ ಥ್ರಸ್ಟ್ ವಾಶರ್ ಸವೆದಿದೆ. ಅರ್ಧಚಂದ್ರದ ಆಕಾರದ ಎರಡು ಚಿಕ್ಕ ವಾಶರು, ಎಂಜಿನ್ನಿನೊಳಗೆ ತಿರುಗುವ ದಂಡ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿದಿರುತ್ತವೆ. ಪೂರ್ತಿ ಸವೆದರೆ ಕಳಚಿ ಎಣ್ಣೆಯ ತಟ್ಟೆಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ಉಜ್ಜುತ್ತದೆ. ವಾಶರ್ ಅಗ್ಗ, ಬ್ಲಾಕ್ ಎಲ್ಲಿಂದ ತರುತ್ತೀಯಾ? ಸರಿದರೆ ತಕ್ಷಣ ಬಿಡು ಅಂತಲ್ಲ. ರೇಟು ಇಳಿಸಿ ಮಾತಾಡು, ಮತ್ತೆ ಅದನ್ನು ಹಾಕಿಸುವ ತನಕ ಓಡಿಸಬೇಡ.

ಎಷ್ಟೋ ವರ್ಷ ನಿಂತ ಗಾಡಿ ಅಂದಿದ್ದೀಯಾ. ಹಾಗಾದರೆ ಬ್ಯಾಟರಿ ಹಚ್ಚಿ ಸೆಲ್ಫ್ ಹೊಡೆಯುವ ಆಸೆ ಯಾರಿಗೂ ಬರದ ಹಾಗೆ ನೋಡಿಕೋ. ಮೊದಲು ಪ್ಲಗ್ ಬಿಚ್ಚಿ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಡಬೇಕು. ಒಂದು ದಿನ ಬಿಟ್ಟು ಕೈಯಿಂದ ಎಂಜಿನ್ ತಿರುಗಿಸಿ ನೋಡಬೇಕು. ಟ್ಯಾಂಕಿನ ಹಳೇ ಪೆಟ್ರೋಲ್ ಗೋಂದು ಆಗಿರುತ್ತದೆ, ಬ್ರೇಕ್ ಸಿಲಿಂಡರ್ ಅಂಟಿರುತ್ತವೆ. ಹತ್ತಿರದಲ್ಲೇ ಧಾನ್ಯದ ಗೋದಾಮು ಇದ್ದರೆ ವೈರಿಂಗ್ ಇಲಿಗಳ ಪಾಲಾಗಿರುತ್ತದೆ, ನಮ್ಮ ಗಂಜಿನ ಕಡೆಯ ಗಾಡಿಗಳದ್ದು ಅದೇ ಹಣೆಬರಹ. ಬ್ಯಾಟರಿ ಹಚ್ಚುವಾಗಲೂ ನೋಡಿ ಹಚ್ಚು. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಪಾಸಿಟಿವ್ ತಂತಿಯನ್ನೇ ಗಾಡಿಯ ಮೈಗೆ ಜೋಡಿಸಿರುವುದೂ ಉಂಟು.

ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಸರ್ವೋ ಗಿರ್ವೋ ಏನೂ ಇಲ್ಲ. ಕಾಲು ಗಟ್ಟಿಯಾಗಿ ಇಡಬೇಕು, ಮುಂದಿನ ಗಾಡಿಗೆ ದೂರ ಇಡಬೇಕು. ಟೈರಿಗೆ ಚಿಂತೆ ಬೇಡ. 13 ಇಂಚಿನ ಗಾಲಿ, ವ್ಯಾಗನ್‌ಆರ್‌ಗೆ ಬರುತ್ತಿದ್ದ 145/80 ಅಳತೆಯದು ಕೂರುತ್ತದೆ.

ಓಡಿಸುವಾಗ ಎಚ್ಚರ ಬೇಕಾದದ್ದು ಹಿಂದಿನ ಅಚ್ಚಿಗೆ. ಅಡ್ಡಲಾಗಿ ಒಂದೇ ಪ್ಲೇಟ್ ಸ್ಪ್ರಿಂಗ್. ಅಚ್ಚು ನಡುವಿನ ಡಿಫರೆನ್ಷಿಯಲ್ ಹತ್ತಿರ ಮಾತ್ರ ಮಡಚುತ್ತದೆ. ಜೋರಾಗಿ ತಿರುವಿಗೆ ನುಗ್ಗಿ, ಅರ್ಧದಲ್ಲಿ ಹೆದರಿ ಎಕ್ಸಲೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ. ಹೊರಗಿನ ಗಾಲಿ ಒಳಕ್ಕೆ ಮಡಚಿಕೊಂಡು ಹಿಡಿತ ತಪ್ಪುತ್ತದೆ. ಹಾಗಾಗಿ ತಿರುವಿಗೆ ಮೊದಲೇ ನಿಧಾನ ಮಾಡು. ತಿರುವಿನೊಳಗೆ ಕಾಲು ಹಗುರವಾಗಿ ಒತ್ತಿಕೊಂಡೇ ಇರು. ಇದನ್ನು ಕಲಿಯಲು ಚಿಂಚೋಳಿ ಕಾಡಿನ ರಸ್ತೆ ಒಳ್ಳೇ ಜಾಗ. ನಸುಕಿನಲ್ಲಿ ಹೋದರೆ ದನಕರು, ಬೈಕಿನವರು ಬಿಟ್ಟರೆ ಯಾರೂ ಸಿಗುವುದಿಲ್ಲ. ಆ ತಿರುವುಗಳಲ್ಲಿ ಗಾಡಿ ಸರಿಯಾಗಿ ಹೋದಾಗ ನಿನ್ನ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡಿರಬೇಕಿತ್ತು ಅನಿಸುತ್ತದೆ, ನೋಡು.

ಬೇಸಿಗೆ ಬಗ್ಗೆ ಕೇಳಿದ್ದೀಯಾ. ಬೀದರ ನಮಗಿಂತ ಎತ್ತರದಲ್ಲಿದೆ, ನೀವು ಪುಣ್ಯವಂತರು. ಇಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಮಾಮೂಲು. ಎಂಜಿನ್ ಪಕ್ಕದಲ್ಲೇ ಇರುವ ಪೆಟ್ರೋಲ್ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ, ಗಾಡಿ ಜಗತ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸುಮ್ನೆ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಆ ಹೊತ್ತಿಗೆ ಸುತ್ತ ಜನ ಸೇರಿ, ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು ಅಂತ ಶುರು ಮಾಡುತ್ತಾರೆ. ರೇಡಿಯೇಟರ್ ಒಳಗಿನ ಜಾಲರಿ ಹೊಸದಾಗಿ ಹಾಕಿಸಿದ ಮೇಲೆ ಎಂಜಿನ್ ಬಿಸಿ ಹಿಡಿತಕ್ಕೆ ಬಂತು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ನಾನು ಬೆಳಿಗ್ಗೆ ಎಂಟರ ಮೇಲೆ ಗಾಡಿ ತೆಗೆಯುವುದಿಲ್ಲ. ಈ ಗಾಡಿಗೆ ನಮ್ಮ ಸೀಮೆಯಲ್ಲಿ ನಿಜವಾದ ಹಂಗಾಮು ದೀಪಾವಳಿಯಿಂದ ಶಿವರಾತ್ರಿ ತನಕ.

ಪೆಟ್ರೋಲಿನದ್ದು ಬೇರೆ ತಲೆನೋವು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪಂಪಿನ ಪರದೆ, ಕಾರ್ಬೊರೇಟರಿನ ವಾಶರುಗಳನ್ನು ಅದು ಮೆತ್ತಗೆ ಮಾಡುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಗಾಡಿ ಮನೆಗೆ ಬಂದ ಮೊದಲ ವಾರವೇ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಜಾತಿಯವಕ್ಕೆ ಬದಲಿಸು. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಬಾರದು. ಇನ್ನೊಂದು, ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ನಮ್ಮ ದೇಶದಲ್ಲಿ 2000ದಲ್ಲಿ ಅದು ಬಂದ್ ಆಯಿತು. ಸೀಸ ಇಲ್ಲದೆ ವಾಲ್ವ್ ಕೂರುವ ಜಾಗ ಸವೆಯುತ್ತದೆ, ಹಾಗಾಗಿ ಯಾವಾಗಲಾದರೂ ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಿಬಿಡು. ಅದಕ್ಕಾಗಿಯೇ ಬಿಚ್ಚುವ ಅವಸರ ಬೇಡ.

ಕಾಗದದ ಮಾತು ಬೇಜಾರು ತರಿಸುತ್ತದೆ, ಆದರೆ ಈ ಗಾಡಿಯಲ್ಲಿ ನನಗೆ ಹೆದರಿಕೆ ಇರುವುದೇ ಅಲ್ಲಿ. ಡಾಕ್ಟರ್ ತೀರಿಹೋಗಿದ್ದಾರೆ, ಮಾರುತ್ತಿರುವವರು ಮಗ ಅಂದಿದ್ದೀಯಾ. ಹಾಗಾದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ಅವರಿಂದ ನಿನ್ನ ಹೆಸರಿಗೆ, ಫಾರ್ಮ್ 29 ಮತ್ತು 30. ಅಕ್ಕತಂಗಿಯರು, ತಮ್ಮಂದಿರು ಇದ್ದರೆ ಎಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ನಂಬರ್ ಪ್ಲೇಟು ಎಂ ವೈ ಅಕ್ಷರಗಳದ್ದು, ಮೈಸೂರು ರಾಜ್ಯ ಅಂತ ಇದ್ದಾಗಿನ ಸರಣಿ. ಅಂಥ ಗಾಡಿಯ ಆರ್‌ಸಿ ಹಳೇ ಪುಸ್ತಕದಲ್ಲಿ ಇರುತ್ತದೆ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆರ್‌ಟಿಓ ಆಫೀಸಿನಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸದೆ ಮುಂದಿನ ಯಾವ ಕೆಲಸವೂ ಆಗದು. ಪುಸ್ತಕವೇ ಕಳೆದಿದೆ ಅಂದರೆ ಗಾಡಿಯ ಕಡೆ ತಿರುಗಿಯೂ ನೋಡಬೇಡ.

ದಿಲ್ಲಿ ಥರ ನಮ್ಮಲ್ಲಿ 15 ವರ್ಷಕ್ಕೆ ಪೆಟ್ರೋಲ್ ಗಾಡಿಯ ಆಯುಷ್ಯ ಮುಗಿಯುವುದಿಲ್ಲ. ಫಿಟ್‌ನೆಸ್ ಪಾಸಾದರೆ ಐದೈದು ವರ್ಷ ರಿನ್ಯೂವಲ್ ಕೊಡುತ್ತಾರೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಆ ಫೀ 10,000 ರೂಪಾಯಿ ಮಾಡಿದ್ದಾರೆ. ಇನ್ನೊಂದು ದಾರಿ 2021ರಲ್ಲಿ ಬಂದ ವಿಂಟೇಜ್ ನೋಂದಣಿ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಿಸದ ಗಾಡಿಗೆ ವಿಎ ಅಕ್ಷರಗಳ ನಂಬರ್ ಕೊಡುತ್ತಾರೆ. 20,000 ರೂಪಾಯಿ, 10 ವರ್ಷ. ಅದನ್ನು ತಗೊಂಡರೆ ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ನನಗದು ಬೇಡ ಅನಿಸಿತು. ಸಂಜೆ ಅಪ್ಪನ ಕೆರೆ ಕಡೆ ಸುಸಲಾ, ಭಜಿ ತಿನ್ನಲು ಹೋಗಲಾಗದ ಗಾಡಿ ಇಟ್ಟುಕೊಂಡು ಏನು ಮಾಡಲಿ? ಮಾಮೂಲು ರಿನ್ಯೂವಲ್ಲೇ ಮಾಡಿಸಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ದೊಡ್ಡದೇನಲ್ಲ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ಗೊತ್ತು ಮಾಡಿದ ದರ 2,094 ರೂಪಾಯಿ, ಮೇಲೆ ಟ್ಯಾಕ್ಸು.

ನಿನ್ನ ಗಾಡಿಯಲ್ಲಿ ಇನ್ನೂ ಒಂದು ತೊಡಕಿದೆ. ಮೇಲೆ ಟಾಪು ಇಲ್ಲ, ರೆಕ್ಸಿನ್ ಹೊದಿಕೆ ಇದೆ. ನಿನಗೆ ಅದೇ ಇಷ್ಟವಾಗಿದೆ, ನನಗೂ ಚಂದ ಕಂಡಿತು. ಆದರೆ ಆರ್‌ಸಿಯಲ್ಲಿ ಸಲೂನ್ (ಗಟ್ಟಿ ಟಾಪಿನ ಕಾರು) ಅಂತ ಇದ್ದು ಗಾಡಿ ಬೇರೆ ಆಕಾರದಲ್ಲಿದ್ದರೆ ಫಿಟ್‌ನೆಸ್ ಕೊಡುವ ಸಾಹೇಬರು ಒಪ್ಪುವುದಿಲ್ಲ. ಕಂಪನಿ ಕೊಟ್ಟ ರೂಪವನ್ನು ಹಾಗೆ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹೆರಾಲ್ಡಿನ ಟಾಪು ಬೋಲ್ಟಿನ ಮೇಲೆ ಕೂರುವಂಥದ್ದು. ಬಿಚ್ಚಿ ತೆಗೆದಿದ್ದರೆ ವಾಪಸ್ ಕೂರಿಸಬಹುದು. ಗ್ಯಾಸ್ ಕಟ್ಟರ್ ಹಚ್ಚಿ ಕತ್ತರಿಸಿದ್ದರೆ ಮುಗಿಯಿತು. ಹಿಂದಿನ ಸೀಟಿನ ಪಕ್ಕ ಬಗ್ಗಿ ನೋಡು, ಬೋಲ್ಟಿನ ತೂತು ಶುದ್ಧ ಇದೆಯೋ ಕತ್ತರಿಸಿದ ಅಂಚು ಇದೆಯೋ ಅಂತ. ಮಗನನ್ನು ಸುಮ್ನೆ ಮಾತಿಗೆಳೆದು ಹಳೇ ಟಾಪು ಏನಾಯಿತು ಕೇಳು. ಅಟ್ಟದ ಮೇಲೋ ಕೋಳಿಗೂಡಿನ ಮೇಲೋ ಬಿದ್ದಿರಬಹುದು. ಸಿಕ್ಕರೆ ಅದನ್ನು ವ್ಯವಹಾರದಲ್ಲೇ ಸೇರಿಸಿಕೋ. ಬೇರೆಯಾಗಿ ಕೇಳಿದರೆ ಅದಕ್ಕೊಂದು ರೇಟು ಹೇಳುತ್ತಾರೆ.

ನಾನು ಒಟ್ಟು ಎಷ್ಟು ಖರ್ಚು ಮಾಡಿದೆ ಅಂತ ಕೇಳಿದ್ದೀಯಾ. ಅದನ್ನು ಇಲ್ಲಿ ಬರೆಯುವುದಿಲ್ಲ, ಈ ಪತ್ರ ನಮ್ಮ ಮನೆಯಲ್ಲೂ ಓದುತ್ತಾರೆ. ಒಂದು ಅಂದಾಜು ಕೊಡುತ್ತೇನೆ. ಗಾಡಿಗೆ ಎಷ್ಟು ಕೊಡಲು ತಯಾರಿದ್ದೀಯೋ ಅಷ್ಟೇ ದುಡ್ಡು ಬೇರೆ ಪಕ್ಕಕ್ಕೆ ಇಡು. ಅದನ್ನು ಇಡಲು ಆಗದಿದ್ದರೆ ಅಗ್ಗದ ಗಾಡಿ ಹುಡುಕಬೇಡ, ಇನ್ನೊಂದು ವರ್ಷ ಕಾಯಿ. ಖರ್ಚು ಮಾಡುವಾಗಲೂ ಬ್ರೇಕು, ಟ್ರನಿಯನ್, ಪೆಟ್ರೋಲ್ ಪೈಪು, ವೈರಿಂಗ್ ಮೊದಲು ಮಾಡಿಸು. ಪೇಂಟರ್ ಹತ್ತಿರ ಎಲ್ಲಕ್ಕಿಂತ ಕೊನೆಗೆ ಹೋಗು. ಎಷ್ಟೋ ಜನ ಬಣ್ಣದಿಂದ ಶುರು ಮಾಡಿ, ದುಡ್ಡು ಮುಗಿದು, ಹೊಳೆಯುವ ಗಾಡಿಯನ್ನು ಬ್ರೇಕ್ ಇಲ್ಲದೆ ಕವರ್ ಹೊದಿಸಿ ನಿಲ್ಲಿಸಿದ್ದಾರೆ. ಚಿಕ್ಕಪುಟ್ಟ ಸಾಮಾನಿಗೆ ಬೆಂಗಳೂರಿನ ಜೆಸಿ ರೋಡು, ಚೆನ್ನೈನ ಪುದುಪೇಟೆ ಸುತ್ತಬೇಕು. ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು, ಹೆಸರು ಹೇಳಿದರೆ ಅಂಗಡಿಯವರಿಗೆ ತಿಳಿಯುವುದಿಲ್ಲ.

ಬರುವ ಭಾನುವಾರ ನಾನು ಬೀದರಿಗೆ ಬರುತ್ತೇನೆ. ಚಾಚಾ ಕೂಡ ಬರುತ್ತೇನೆ ಅಂದಿದ್ದಾರೆ. ಅವರಿಗೆ ನಿಮ್ಮೂರಿನಲ್ಲಿ ಒಬ್ಬ ಹಳೇ ಜೊತೆಗಾರ ಇದ್ದಾನಂತೆ, ನೌಬಾದ್ ಕಡೆ, ಟ್ರ್ಯಾಕ್ಟರ್ ಕೆಲಸದವನೇ. ಅವನನ್ನೂ ಕರೆಸೋಣ ಅಂದರು. ಶೆಡ್ಡಿನಲ್ಲಿ ಬೆಳಕು ಇರುವುದಿಲ್ಲ, ಒಳ್ಳೇ ಟಾರ್ಚ್ ಇಟ್ಟಿರು. ಕೆಳಗೆ ಹಾಸಿಕೊಳ್ಳಲು ಎರಡು ಗೋಣಿಚೀಲ ಬೇಕು. ಜಾಕು ನಾನು ತರುತ್ತೇನೆ. ಅಷ್ಟರೊಳಗೆ ಆರ್‌ಸಿ ಪುಸ್ತಕದ ಎಲ್ಲಾ ಪುಟಗಳ ಫೋಟೋ ಕಳಿಸು, ಖಾಲಿ ಪುಟವೂ ಸೇರಿ. ಮಗ ಎಷ್ಟೇ ಅವಸರ ಮಾಡಿದರೂ, ಹೈದರಾಬಾದಿನ ಪಾರ್ಟಿ ಬರುತ್ತಿದೆ ಅಂದರೂ, ಅಡ್ವಾನ್ಸ್ ಮಾತ್ರ ಕೊಡಬೇಡ.

ನಿನ್ನ,
ಕಲಬುರಗಿ ದೋಸ್ತ